ಹನ್ನೊಂದು ಸ್ಪೀಕರ್, ಕೇಳದ ಒಂದು ಮಾತು

ಇವತ್ತು ರಾಜಕೀಯ ಬೇಡ. ದಿನಾ ರಾತ್ರಿ ಅದೇ ಕೂಗಾಟ ಕೇಳಿ ಕೇಳಿ ನಿಮಗೂ ಸಾಕಾಗಿದೆ, ಕೂಗಿ ಕೂಗಿ ನನಗೂ ಸಾಕಾಗಿದೆ. ಇವತ್ತು ಆ ಕೂಗನ್ನ ದೊಡ್ಡದು ಮಾಡೋ ಯಂತ್ರದ ಕಥೆ ಹೇಳ್ತೀನಿ. ಅದರ ಹೆಸರು ಆಂಪ್ಲಿಫೈಯರ್. ಇದೇನಪ್ಪಾ ಅಂಗಡಿ ಜಾಹೀರಾತು ಶುರು ಮಾಡಿದ ಅಂದ್ಕೋಬೇಡಿ. ಯಾವ ಕಂಪನಿ ಮಾಲನ್ನೂ ನಾನು ಮಾರ್ತಿಲ್ಲ. ಇದು ನೂರು ವರ್ಷ ದಾಟಿದ ಇತಿಹಾಸ. ಅದರಲ್ಲಿ ಅಮೆರಿಕಾನೂ ಇದೆ, ನಮ್ಮ ಅಕ್ಕಿಹೆಬ್ಬಾಳೂ ಇದೆ.

ಅಕ್ಕಿಹೆಬ್ಬಾಳು ಗೊತ್ತಲ್ಲ? ಕೆ.ಆರ್. ಪೇಟೆ ತಾಲ್ಲೂಕು. ಹೇಮಾವತಿ ದಂಡೆ ಮೇಲಿನ ಊರು. ಮೈಸೂರಿಂದ ಅರಸೀಕೆರೆ ಕಡೆ ಹೋಗೋ ರೈಲು ನಿಲ್ಲೋ ಸ್ಟೇಷನ್. ಲಕ್ಷ್ಮೀನರಸಿಂಹ ಸ್ವಾಮಿ ದೇವಸ್ಥಾನ ಇರೋ ಊರು. ಅಲ್ಲಿ ನಮ್ಮ ಸೋದರಮಾವ ಇದ್ದಾರೆ. ವಯಸ್ಸು ಎಪ್ಪತ್ತೈದು ದಾಟಿದೆ. ವಯಸ್ಸಿದ್ದಾಗ ಸುತ್ತ ಹಳ್ಳಿಗಳಿಗೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಡ್ತಿದ್ದವರು. ಮದುವೆ, ಹಬ್ಬ, ಚುನಾವಣೆ, ನಾಟಕ, ಎಲ್ಲಕ್ಕೂ ಮಾವನ ಮೈಕೇ ಬೇಕು.

ಅವರ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹೊಸ ಮನೆ ಕಟ್ಟಿಸಿದ. ಮಹಡಿ ಮೇಲೆ ಒಂದು ರೂಮನ್ನ ಪೂರ್ತಿ ಹೋಂ ಥಿಯೇಟರ್ ಮಾಡಿಸಿದ. ಗೋಡೆಗೆಲ್ಲ ಮೆತ್ತೆ. ಸುತ್ತ ಏಳು ಸ್ಪೀಕರ್, ಸೂರಲ್ಲಿ ನಾಲ್ಕು, ಮೂಲೆಯಲ್ಲಿ ಗುಡುಗೋಕೆ ಎರಡು ಸಬ್‌ವೂಫರ್. ಆಂಪ್ಲಿಫೈಯರ್ ಒಂದನ್ನೇ ಇಬ್ಬರು ಹಿಡಿದು ಎತ್ತಬೇಕು. ಬೆಲೆ ಕೇಳಿದೆ. ಊರಲ್ಲಿ ಒಂದಿಷ್ಟು ಜಮೀನೇ ಬರ್ತಿತ್ತು. ಗೃಹಪ್ರವೇಶದ ದಿನ ಮಾವನನ್ನ ಮಧ್ಯದ ಸೋಫಾದಲ್ಲಿ ಕೂರಿಸಿ 'ಕಾಂತಾರ' ಹಾಕಿದ. ಮಳೆ ತಲೆ ಮೇಲೆ ಸುರೀತು. ಕೂಗು ಎದೆಗೆ ಬಂದು ಬಡೀತು. ನಾವೆಲ್ಲ ಬೆರಗಾಗಿ ಕೂತಿದ್ವಿ. ಹತ್ತು ನಿಮಿಷ ಆದ್ಮೇಲೆ ಮಾವ ಮೆತ್ತಗೆ ನನ್ನ ಕಡೆ ಬಗ್ಗಿ ಅಂದ್ರು, "ಸಬ್ದ ಬೋ ಜೋರಾಗೈತೆ ಕಣಪ್ಪಾ. ಆದ್ರೆ ಮಾತೇ ಕೇಳಾಕಿಲ್ವಲ್ಲ?"

ಹನ್ನೊಂದು ಸ್ಪೀಕರ್, ಲಕ್ಷಗಟ್ಟಲೆ ದುಡ್ಡು. ಮನುಷ್ಯನ ಮಾತು ಮಾತ್ರ ಕೇಳ್ತಿಲ್ಲ. ಆ ರಾತ್ರಿಯಿಂದ ಈ ಯಂತ್ರದ ಕಥೆ ನನ್ನ ತಲೇಲಿ ಕೂತುಬಿಡ್ತು.

ಮೊದಲು ಒಂದು ಪ್ರಶ್ನೆ. ಆಂಪ್ಲಿಫೈಯರ್ ಏನು ಮಾಡುತ್ತೆ? ಸದ್ದನ್ನ ಹಿಗ್ಗಿಸುತ್ತೆ ಅಂತೀರಿ. ತಪ್ಪು. ಯಾವ ಯಂತ್ರವೂ ಸದ್ದನ್ನ ರಬ್ಬರಿನ ಥರ ಹಿಗ್ಗಿಸೋಕಾಗಲ್ಲ. ಮಂಡ್ಯ ಜಿಲ್ಲೆಯವರಿಗೆ ಇದನ್ನ ಅರ್ಥ ಮಾಡಿಸೋದು ಬಹಳ ಸುಲಭ. ಕಟ್ಟೆ ತುಂಬ ನೀರಿದೆ. ತೂಬಿಗೆ ಒಂದು ಗೇಟಿದೆ. ಹುಡುಗನೊಬ್ಬ ಬಂದು ಗೇಟಿನ ಚಕ್ರ ಒಂದಿಷ್ಟು ತಿರುಗಿಸ್ತಾನೆ. ನಾಲೆ ತುಂಬ ನೀರು ನುಗ್ಗುತ್ತೆ. ಹುಡುಗನ ಕೈ ಬಲ ಎಷ್ಟು, ನಾಲೆ ನೀರಿನ ಬಲ ಎಷ್ಟು! ನೀರಿನ ಬಲ ಹುಡುಗನದಲ್ಲ, ಕಟ್ಟೆಯದು. ಆದರೆ ನೀರು ಹರಿಯೋದು ಹುಡುಗನ ಕೈ ಆಡಿದ ಹಾಗೆ. ಆಂಪ್ಲಿಫೈಯರ್ ಅಂದ್ರೆ ಇಷ್ಟೇ. ಮೈಕಿಂದ ಬರೋ ಸಣ್ಣ ವಿದ್ಯುತ್ತು ಹುಡುಗನ ಕೈ. ಗೋಡೆಯ ಪ್ಲಗ್‌ನಿಂದ ಬರೋ ಕರೆಂಟು ಕಟ್ಟೆ ನೀರು. ಸ್ಪೀಕರ್ರು ಗದ್ದೆ.

ಆ ಮೊದಲ ಗೇಟನ್ನ ಮಾಡಿದ್ದು ಅಮೆರಿಕಾದ ಲೀ ಡಿ ಫಾರೆಸ್ಟ್, 1906ರಲ್ಲಿ. ಗಾಜಿನ ಬುರುಡೆ ಒಳಗೆ ಕಾಯ್ದ ತಂತಿ, ಒಂದು ಲೋಹದ ತಟ್ಟೆ, ಮಧ್ಯೆ ಒಂದು ಜಾಲರಿ. ಜಾಲರಿಗೆ ಚೂರು ವಿದ್ಯುತ್ ಕೊಟ್ರೆ ತಂತಿಯಿಂದ ತಟ್ಟೆಗೆ ಹರಿಯೋ ದೊಡ್ಡ ವಿದ್ಯುತ್ತು ಕುಣಿಯುತ್ತೆ. ಇಂಗ್ಲೆಂಡಿನವರು ಅದಕ್ಕೆ ಇಟ್ಟ ಹೆಸರೇ ವಾಲ್ವ್. ಅಂದ್ರೆ ತೂಬಿನ ಗೇಟೇ! ನಮ್ಮ ಅಜ್ಜಂದಿರು ವಾಲ್ವ್ ರೇಡಿಯೋ ಅಂತಿದ್ರಲ್ಲ, ಅದು ಇದೇ. ತಮಾಷೆ ಅಂದ್ರೆ, ಅದು ಹೇಗೆ ಕೆಲಸ ಮಾಡುತ್ತೆ ಅಂತ ಡಿ ಫಾರೆಸ್ಟ್‌ಗೇ ಸರಿಯಾಗಿ ಗೊತ್ತಿರಲಿಲ್ಲ. ಟೆಲಿಫೋನ್ ಕಂಪನಿಯವರು ಅದನ್ನ ಕೊಂಡು, ತಿದ್ದಿ, 1915ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ ಮಾತು ತಲುಪಿಸಿದ್ರು.

ಒಂದು ದೊಡ್ಡ ತೊಂದರೆ ಉಳೀತು. ಗೇಟು ದಾಟುವಾಗ ಮಾತು ಕೆಡ್ತಿತ್ತು. ನೂರಾರು ಮೈಲಿಗೊಂದು ಆಂಪ್ಲಿಫೈಯರ್ ಇಟ್ಟರೆ ಕೊನೇಲಿ ಬರೀ ಗೊರಗೊರ. ಇದಕ್ಕೆ ಉತ್ತರ ಹೊಳೆದಿದ್ದು ಹೆರಾಲ್ಡ್ ಬ್ಲ್ಯಾಕ್ ಅನ್ನೋ ಇಂಜಿನಿಯರ್‌ಗೆ, 1927ರ ಆಗಸ್ಟ್‌ನಲ್ಲಿ, ಕೆಲಸಕ್ಕೆ ಹೋಗುವಾಗ ಹಡ್ಸನ್ ನದಿಯ ದೋಣಿ ಮೇಲೆ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮೇಲೇ ಚಿತ್ರ ಬರೆದುಕೊಂಡ. ಏನದು? ಹೊರಗೆ ಬಂದ ಸದ್ದಿನಲ್ಲಿ ಒಂದು ಪಾಲು ವಾಪಸ್ ತಗೊಂಡು ಬಾ. ಒಳಗೆ ಹೋದದ್ದರ ಜೊತೆ ಹೋಲಿಸು. ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ತಿದ್ದು. ನಮ್ಮ ಕಡೆ ನೀರುಗಂಟಿ ಮಾಡ್ತಿದ್ದ ಕೆಲಸವೇ ಅಲ್ವಾ ಇದು? ಗೇಟು ತೆಗೆದು ಮನೆಗೆ ಹೋಗಿ ಮಲಗಿದ್ರೆ ಅವನು ನೀರುಗಂಟಿ ಅಲ್ಲ. ನಾಲೆಯ ಕೊನೆ ಗದ್ದೆವರೆಗೆ ನಡೆದು ಹೋಗಿ, ಬಾಲದ ರೈತನಿಗೆ ನೀರು ಬಂತಾ ನೋಡಿ, ವಾಪಸ್ ಬಂದು ಗೇಟು ತಿದ್ದಬೇಕು. ಇವತ್ತಿಗೂ ಜಗತ್ತಿನ ಬಹುಪಾಲು ಆಂಪ್ಲಿಫೈಯರ್ ಒಳಗೆ ಈ ನೀರುಗಂಟಿ ಇದ್ದೇ ಇದ್ದಾನೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಅದೇ 1927ರಲ್ಲಿ 'ದಿ ಜಾಝ್ ಸಿಂಗರ್' ಬಂತು, ಸಿನಿಮಾ ಮಾತಾಡ್ತು. 1931ರಲ್ಲಿ 'ಆಲಂ ಆರಾ', 1934ರಲ್ಲಿ ನಮ್ಮ ಕನ್ನಡದ 'ಸತಿ ಸುಲೋಚನಾ'. ಮರುವರ್ಷವೇ, 1935ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು. ಅದೇ ಆಕಾಶವಾಣಿ. ಆ ಟ್ರಾನ್ಸ್‌ಮಿಟರ್‌ನ ಶಕ್ತಿ ಎಷ್ಟು ಗೊತ್ತಾ? 30 ವಾಟ್! ನಮ್ಮ ಮಾವನ ಮಗನ ರೂಮಲ್ಲಿ ಒಂದೊಂದು ಸ್ಪೀಕರ್‌ಗೇ ಅದಕ್ಕಿಂತ ಹಲವು ಪಟ್ಟು ಶಕ್ತಿ ಇಟ್ಟಿದ್ದಾನೆ. ರೇಡಿಯೋ ಅಲೆಯ ವಾಟ್ ಬೇರೆ, ಸ್ಪೀಕರಿನ ವಾಟ್ ಬೇರೆ, ಒಪ್ತೀನಿ. ಆದರೂ ನೋಡಿ, ಒಂದು ನಾಡಿನ ದನಿಗೆ ಹೆಸರು ಕೊಟ್ಟ ಕೇಂದ್ರ ಹುಟ್ಟಿದ್ದು ಅಷ್ಟು ಸಣ್ಣ ಶಕ್ತಿಯಲ್ಲಿ.

ಇನ್ನು ಮನೆಯ ಕಥೆ. ಮನೆಯಲ್ಲಿ ಕೂತು ಒಳ್ಳೆ ಸದ್ದು ಕೇಳಬೇಕು ಅನ್ನೋ ಹುಚ್ಚಿಗೆ ಒಂದು ದಾರಿ ತೋರಿಸಿದ್ದು 1947ರಲ್ಲಿ ಇಂಗ್ಲೆಂಡಿನ ಡಿ.ಟಿ.ಎನ್. ವಿಲಿಯಮ್‌ಸನ್. 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ತನ್ನ ಆಂಪ್ಲಿಫೈಯರ್‌ನ ನಕ್ಷೆಯನ್ನೇ ಅಚ್ಚು ಹಾಕಿಸಿದ. ಶಕ್ತಿ 15 ವಾಟ್ ಅಷ್ಟೇ. ಆದರೆ ಸದ್ದು ಅಷ್ಟು ಶುದ್ಧ. ಎಷ್ಟೋ ದೇಶಗಳಲ್ಲಿ ಜನ ತಾವೇ ಬೆಸುಗೆ ಹಾಕಿ ಮಾಡಿಕೊಂಡ್ರು. ಅದೇ 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಾಯಿಸೋ ತಂತಿ ಬೇಡ, ಗಾಜಿನ ಬುರುಡೆ ಬೇಡ. ಕಡಲೆಕಾಯಿ ಗಾತ್ರದ ಗೇಟು. ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್ ತಯಾರಿ ಶುರು ಮಾಡಿದ ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರೂ ಮಾಡೋಕೆ ಹೊರಟಿತು. ಎರಡು ಯುಗ ಒಂದೇ ಕಾಂಪೌಂಡಿನಲ್ಲಿ!

ಅಕ್ಕಿಹೆಬ್ಬಾಳಿನಲ್ಲಿ ಆಗ ಏನಿತ್ತು? ಮಾವನ ಮೈಕ್ ಸೆಟ್. ಒಂದು ವಾಲ್ವ್ ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ರೆಕಾರ್ಡ್ ಪ್ಲೇಯರ್. ಗಾಡಿ ಮೇಲೆ ಹುಲ್ಲು ಹಾಸಿ, ಮಗುವನ್ನ ಮಲಗಿಸಿದ ಹಾಗೆ ಆಂಪ್ಲಿಫೈಯರ್ ಇಟ್ಟುಕೊಂಡು ಹೋಗ್ತಿದ್ರಂತೆ. ವಾಲ್ವ್ ಒಡೆದ್ರೆ ಮೈಸೂರಿಗೆ ರೈಲು ಹತ್ತಬೇಕಲ್ಲ! ಹಾರ್ನನ್ನ ತೆಂಗಿನ ಮರಕ್ಕೆ ಕಟ್ಟಿದ್ರೆ ಆಚೆ ಊರಿಗೂ ಕೇಳ್ತಿತ್ತು.

ಅಷ್ಟು ಸಣ್ಣ ಆಂಪ್ಲಿಫೈಯರ್‌ಗೆ ಅಷ್ಟು ದೂರ ಹೇಗೆ ಕೇಳ್ತಿತ್ತು? ಹಾರ್ನ್‌ಗೆ ಒಂದು ವಾಟ್ ಕೊಟ್ಟರೆ ಬರೋ ಸದ್ದನ್ನ ಇವತ್ತಿನ ಮನೆ ಸ್ಪೀಕರಿಂದ ಪಡೀಬೇಕು ಅಂದ್ರೆ ಸುಮಾರು ನೂರು ವಾಟ್ ಬೇಕು. ಹಾರ್ನ್ ಮಾತನ್ನ ದೂರ ಎಸೆಯುತ್ತೆ, ಆದರೆ ಕೀಚಲು. ಮನೆ ಸ್ಪೀಕರ್ ತಬಲಾದ ದುಂಡು ನಾದವನ್ನೂ ಕೊಡುತ್ತೆ, ಆದರೆ ವಾಟ್ ತಿನ್ನುತ್ತೆ. ಹೈ ಎಂಡ್ ಆಂಪ್ಲಿಫೈಯರ್ ಅಷ್ಟು ದಪ್ಪ ಆಗೋಕೆ ಒಂದು ಕಾರಣ ಇದು.

ಮಂಡ್ಯ ಸೀಮೆಯಲ್ಲಿ ಆಂಪ್ಲಿಫೈಯರ್‌ಗೆ ನಿಜವಾದ ಪರೀಕ್ಷೆ ಅಂದ್ರೆ ಕುರುಕ್ಷೇತ್ರ ನಾಟಕ. ರಾತ್ರಿ ಶುರುವಾದ್ರೆ ಬೆಳಕು ಹರಿಯೋವರೆಗೆ. ಗದ್ದೆ ಕೆಲಸ ಮಾಡೋ ರೈತನೇ ದುರ್ಯೋಧನ, ಮೇಷ್ಟ್ರೇ ಶಕುನಿ. ರಂಗದ ಮೇಲೆ ಹಗ್ಗ ಕಟ್ಟಿ ಮೈಕ್ ಇಳಿಬಿಟ್ಟಿರ್ತಾರೆ. ಅದರ ಕೆಳಗೆ ಬಂದು ನಿಂತೇ ಪದ್ಯ ಹೇಳಬೇಕು. ಕಿರೀಟ ಮೈಕಿಗೆ ತಗುಲಿ 'ಠಣ್' ಅಂದ್ರೆ ಊರೆಲ್ಲ ನಗು. ಹಾರ್ಮೋನಿಯಂ ಮೇಷ್ಟ್ರು ಜೋರಾದ್ರೆ ಪದ್ಯ ಮುಳುಗುತ್ತೆ, ಆಗ ಮಾವ ಮೂಲೆಯಲ್ಲಿ ಕೂತು ಗುಂಡಿ ತಿರುಗಿಸಬೇಕು. ಅದಕ್ಕೇ ಮಾವ ರಂಗದ ಹತ್ತಿರ ಕೂರ್ತಿರಲಿಲ್ಲವಂತೆ. ಆಗಾಗ ಎದ್ದು ಜನರ ಮಧ್ಯೆ ಹೋಗಿ, ಕೊನೆಯ ಚಾಪೆಯಲ್ಲಿ ಕೂತ ಅಜ್ಜಿಯನ್ನ ಕೇಳೋರಂತೆ, "ಮಾತು ಕೇಳ್ತೈತಾ ಅವ್ವಾ?" ಅಜ್ಜಿ ಹೂಂ ಅಂದ್ರೆ ಸರಿ, ಇಲ್ಲಾಂದ್ರೆ ವಾಪಸ್ ಓಡಿ ಬಂದು ಗುಂಡಿ.

ನೋಡಿ, ಹೆರಾಲ್ಡ್ ಬ್ಲ್ಯಾಕ್‌ನ ಹೆಸರನ್ನೂ ಕೇಳದ ಮನುಷ್ಯ ಅವನ ಸಿದ್ಧಾಂತವನ್ನ ಕಾಲಲ್ಲಿ ನಡೆದು ಮಾಡಿ ತೋರಿಸ್ತಿದ್ರು.

ಎಪ್ಪತ್ತು, ಎಂಬತ್ತರ ದಶಕಕ್ಕೆ ಬನ್ನಿ. ಅಮೆರಿಕಾದಲ್ಲಿ ಮಾರ್ಕ್ ಲೆವಿನ್‌ಸನ್, ಕ್ರೆಲ್ ಥರದ ಕಂಪನಿಗಳು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಒಡವೆ ಥರ ಮಾಡೋಕೆ ಶುರು ಮಾಡಿದ್ವು. ಜಪಾನಿನವರು ಮಧ್ಯಮ ವರ್ಗಕ್ಕೆ ಕೊಟ್ರು. ನಮಗೆ? ಆಮದಿಗೆ ಲೈಸೆನ್ಸು, ಅದರ ಮೇಲೆ ಭಾರೀ ಸುಂಕ. ಗಲ್ಫ್‌ನಿಂದ ಯಾರಾದ್ರೂ ಬಂದಾಗ ಹೆಗಲ ಮೇಲೆ ಹೊತ್ತು ತಂದರೆ ಉಂಟು. ಕಲ್ಕತ್ತಾದಲ್ಲಿ 1970ರಲ್ಲಿ ಸೋನೋಡೈನ್ ಹುಟ್ಟಿತು. ಸಭೆ ಸಮಾರಂಭಕ್ಕೆ 1940ರಿಂದಲೂ ದೆಹಲಿಯ ಅಹುಜಾ ಇತ್ತು. ಇನ್ನು ನಮ್ಮ ಬೆಂಗಳೂರಿನ ಎಸ್.ಪಿ. ರೋಡು! ಟ್ರಾನ್ಸ್‌ಫಾರ್ಮರ್ ಒಂದು ಅಂಗಡೀಲಿ, 2ಎನ್3055 ಟ್ರಾನ್ಸಿಸ್ಟರ್ ಇನ್ನೊಂದು ಅಂಗಡೀಲಿ, ತಗಡಿನ ಡಬ್ಬ ಮತ್ತೊಂದು ಅಂಗಡೀಲಿ. ಜೋಡಿಸಿದ್ರೆ ಆಂಪ್ಲಿಫೈಯರ್ ರೆಡಿ. ಎಷ್ಟೋ ಹುಡುಗರು ಎಲೆಕ್ಟ್ರಾನಿಕ್ಸ್ ಕಲಿತಿದ್ದು ಆ ಬೀದಿಯಲ್ಲಿ.

ಇದೇ ಕಾಲದ ಇನ್ನೊಂದು ಪಿಡುಗು ನೆನಪಿದೆಯಾ? ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ '2000 ವಾಟ್ ಪಿಎಂಪಿಒ'! ಕೈಯಲ್ಲಿ ಹಿಡಿಯೋ ಟೇಪ್ ರೆಕಾರ್ಡರ್‌ಗೆ ಎರಡು ಸಾವಿರ ವಾಟ್! ನಿಜವಾಗಿ ಒಂದೇ ಸಮ ಕೊಡೋದು ಹತ್ತೋ ಇಪ್ಪತ್ತೋ ವಾಟ್. ಕಣ್ಣು ಮಿಟುಕಿಸೋಷ್ಟು ಹೊತ್ತೂ ನಿಲ್ಲದ ಶಕ್ತಿಯನ್ನ ಗುಣಾಕಾರ ಹಾಕಿ ಬರೆಯೋದು. ಅಮೆರಿಕಾದಲ್ಲಿ ಇಂಥ ಸುಳ್ಳು ಅತಿಯಾದಾಗ ಸರ್ಕಾರವೇ 1974ರಲ್ಲಿ ನಿಯಮ ತಂದು, ಮನೆ ಆಂಪ್ಲಿಫೈಯರ್‌ನವರು ಒಂದೇ ಸಮ ಕೊಡೋ ಶಕ್ತಿಯನ್ನೇ ಹೇಳಬೇಕು ಅಂತ ಕಟ್ಟು ಮಾಡ್ತು. ಕೊಳ್ಳೋರಿಗೆ ಇನ್ನೊಂದು ಮಾತು. 50 ವಾಟ್ ಬದಲು 100 ವಾಟ್ ತಗೊಂಡ್ರೆ ಸದ್ದು ಎರಡರಷ್ಟಾಗಲ್ಲ. 3 ಡೆಸಿಬೆಲ್ ಹೆಚ್ಚುತ್ತೆ, ಕಿವಿಗೆ ಚೂರು ಗೊತ್ತಾಗುತ್ತೆ, ಅಷ್ಟೇ. ಕಿವಿಗೆ ಎರಡರಷ್ಟು ಅನ್ನಿಸಬೇಕಾದ್ರೆ ಹತ್ತು ಪಟ್ಟು ವಾಟ್ ಬೇಕು.

ಹಾಗಾದ್ರೆ ಜಾಸ್ತಿ ದುಡ್ಡು ಕೊಟ್ಟು ತಗೊಳ್ಳೋದು ಏನನ್ನ? ಕಟ್ಟೆಯನ್ನ. ಸಿನಿಮಾದಲ್ಲಿ ಪಿಸುಮಾತು ನಡೀತಿರುತ್ತೆ, ತಟ್ಟನೆ ಬಾಂಬು ಸಿಡಿಯುತ್ತೆ. ಆ ಕ್ಷಣಕ್ಕೆ ಗೇಟು ಪೂರ್ತಿ ತೆಗೀತು, ಕಟ್ಟೇಲಿ ನೀರೇ ಇಲ್ಲ ಅಂದ್ರೆ? ಅಲೆಯ ತಲೆ ಕತ್ತರಿಸಿ ಹೋಗುತ್ತೆ. ಕಿವಿಗೆ ಅದು ಕರ್ಕಶ, ಸ್ಪೀಕರ್‌ಗೆ ಅದು ಸಾವು. ಅದಕ್ಕೇ ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಕೆಪಾಸಿಟರ್. ಅದಕ್ಕೇ ಎತ್ತೋಕೆ ಇಬ್ಬರು ಬೇಕು.

ಈಗ ಹೋಂ ಥಿಯೇಟರ್. 1975ರ 'ಶೋಲೆ' 70 ಎಂಎಂನಲ್ಲಿ ಸ್ಟೀರಿಯೋ ಸದ್ದಿನ ರುಚಿ ಹತ್ತಿಸ್ತು. 1977ರಲ್ಲಿ 'ಸ್ಟಾರ್ ವಾರ್ಸ್' ಡಾಲ್ಬಿ ಸ್ಟೀರಿಯೋವನ್ನ ಜಗತ್ತಿಗೆ ಪರಿಚಯಿಸ್ತು. ಫಿಲಂ ಅಂಚಿನ ಎರಡು ಗೆರೆಯಲ್ಲಿ ಎಡ, ಬಲ, ಮಧ್ಯ, ಹಿಂದೆ ಅಂತ ನಾಲ್ಕು ದಿಕ್ಕಿನ ಸದ್ದನ್ನ ಮಡಚಿಟ್ಟಿದ್ರು. ವಿಡಿಯೋ ಕ್ಯಾಸೆಟ್ ಬಂದಾಗ ಆ ಮಡಿಕೆಯೂ ಜೊತೆಗೇ ಮನೆಗೆ ಬಂತು. ಬಿಡಿಸೋಕೆ ಒಂದು ಪೆಟ್ಟಿಗೆ ಬೇಕಾಗಿತ್ತು. 1982ರಲ್ಲಿ ಡಾಲ್ಬಿ ಸರೌಂಡ್, 1987ರಲ್ಲಿ ಪ್ರೊ ಲಾಜಿಕ್. ಪ್ರೊ ಲಾಜಿಕ್ ಮನೆಗೆ ಕೊಟ್ಟ ದೊಡ್ಡ ಉಡುಗೊರೆ ಅಂದ್ರೆ ಮಧ್ಯದ ಸ್ಪೀಕರ್, ಸೆಂಟರ್ ಚಾನೆಲ್. ಮಾತು ಪರದೆಯ ನಟ್ಟನಡುವೆಯಿಂದ ಬರಲಿ ಅಂತ. ಮಧ್ಯೆ 1986ರಲ್ಲಿ ಯಮಾಹಾ ಡಿಎಸ್‌ಪಿ-1 ಬಂದು, ನಿಮ್ಮ ಹಾಲನ್ನೇ ದೊಡ್ಡ ಸಂಗೀತ ಸಭಾಂಗಣದ ಹಾಗೆ ಕೇಳಿಸ್ತೀನಿ ಅಂತು.

ಆಮೇಲೆ ಪ್ರವಾಹ. 1992ರಲ್ಲಿ ಡಾಲ್ಬಿ ಡಿಜಿಟಲ್, 1993ರಲ್ಲಿ 'ಜುರಾಸಿಕ್ ಪಾರ್ಕ್' ಜೊತೆ ಡಿಟಿಎಸ್. 1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ ಬಂತು, 5.1 ಅನ್ನೋ ಸಂಖ್ಯೆ ಮನೆಮಾತಾಯ್ತು. ಅಂದ್ರೆ ಐದು ಸ್ಪೀಕರ್, ಒಂದು ಸಬ್‌ವೂಫರ್. 2012ರಲ್ಲಿ ಡಾಲ್ಬಿ ಅಟ್ಮಾಸ್, ಎರಡು ವರ್ಷದಲ್ಲಿ ಅದೂ ಮನೆಗೆ. ಈಗ 7.2.4. ಸುತ್ತ ಏಳು, ಸಬ್‌ವೂಫರ್ ಎರಡು, ಸೂರಲ್ಲಿ ನಾಲ್ಕು.

ಈ ಓಟದಲ್ಲಿ ಹೈ ಎಂಡ್ ಮಂದಿ ಒಂದು ಬುದ್ಧಿವಂತಿಕೆ ಮಾಡಿದ್ರು. ಪೆಟ್ಟಿಗೆಯನ್ನ ಎರಡು ಮಾಡಿದ್ರು. ಲೆಕ್ಕ ಹಾಕೋ ಪ್ರೊಸೆಸರ್ ಬೇರೆ, ಶಕ್ತಿ ಕೊಡೋ ಪವರ್ ಆಂಪ್ಲಿಫೈಯರ್ ಬೇರೆ. ಯಾಕೆ? ಪ್ರೊಸೆಸರ್ ಐದಾರು ವರ್ಷಕ್ಕೆ ಹಳೇದಾಗುತ್ತೆ. ಹೊಸ ಕೇಬಲ್, ಹೊಸ ಡಾಲ್ಬಿ, ಹೊಸ ಟಿವಿ ಬರ್ತಾನೇ ಇರುತ್ತೆ. ಒಳ್ಳೆ ಪವರ್ ಆಂಪ್ಲಿಫೈಯರ್ ಇಪ್ಪತ್ತು ವರ್ಷ ಆದ್ರೂ ಹಾಗೇ ದುಡಿಯುತ್ತೆ. ಎತ್ತು ಹಳೇದಲ್ಲ, ಗಾಡಿ ಬದಲಾಯಿಸಿ ಅಂತ.

ಗೇಟಿನ ರೀತಿಯೂ ಬದಲಾಯ್ತು. ಕ್ಲಾಸ್ ಎ ಅನ್ನೋ ಆಂಪ್ಲಿಫೈಯರ್‌ನಲ್ಲಿ ಗದ್ದೆಗೆ ಬೇಕೋ ಬೇಡವೋ, ನೀರು ಸದಾ ಹರೀತಾನೇ ಇರುತ್ತೆ. ಸದ್ದು ಬಹಳ ನುಣುಪು, ಆದರೆ ಹೆಚ್ಚಿನ ಕರೆಂಟು ಬಿಸಿಯಾಗಿ ಪೋಲು. ಕ್ಲಾಸ್ ಎಬಿ ಅಂದ್ರೆ ಎರಡು ಗೇಟು ಸರದಿ ಮೇಲೆ ದುಡಿಯೋದು. ಇನ್ನು ಕ್ಲಾಸ್ ಡಿ. ನೀರು ಕಮ್ಮಿ ಇರೋ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರಲ್ಲ, ಇಷ್ಟು ದಿನ ಪೂರ್ತಿ ತೆಗಿ, ಇಷ್ಟು ದಿನ ಪೂರ್ತಿ ಮುಚ್ಚು ಅಂತ, ಹಾಗೆ! ಇಲ್ಲಿ ಸೆಕೆಂಡಿಗೆ ಲಕ್ಷಾಂತರ ಸಲ ತೆಗೆದು ಮುಚ್ಚೋದು. ಪೋಲು ಬಹಳ ಕಮ್ಮಿ. 1964ರಲ್ಲೇ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಇಂಥದ್ದೊಂದನ್ನ ಮಾರಿತ್ತು, ಆಗ ಸರಿಹೋಗಲಿಲ್ಲ. 1995ರಲ್ಲಿ ಆದ್ಯ ತ್ರಿಪಾಠಿ ಅನ್ನೋ ಭಾರತೀಯ ಮೂಲದ ಇಂಜಿನಿಯರ್ ಅಮೆರಿಕಾದಲ್ಲಿ ಟ್ರೈಪಾತ್ ಕಂಪನಿ ಕಟ್ಟಿ, ಈ ಜಾತಿಯ ಪುಟ್ಟ ಚಿಪ್‌ನಿಂದಲೂ ಒಳ್ಳೆ ಸದ್ದು ಬರುತ್ತೆ ಅಂತ ತೋರಿಸಿದ್ರು. ಇವತ್ತು ದುಬಾರಿ ಆಂಪ್ಲಿಫೈಯರ್‌ಗಳಲ್ಲೂ ಕ್ಲಾಸ್ ಡಿ ಇದೆ, ಬೀದಿಯ ಡಿಜೆ ಸೆಟ್‌ನಲ್ಲೂ ಇದೆ.

ಡಿಜೆ ಅಂದಾಗ ಹೇಳಲೇಬೇಕು. ಆಂಪ್ಲಿಫೈಯರ್ ಹಗುರ ಆಯ್ತು, ಅಗ್ಗ ಆಯ್ತು, ಟ್ರ್ಯಾಕ್ಟರ್ ಹತ್ತಿತು. ಕಾನೂನು ಇಲ್ವಾ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಇದೆ. ಜನ ವಾಸ ಮಾಡೋ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಖಡಾಖಂಡಿತವಾಗಿ ಹೇಳಿದೆ. ಯಾರು ಕೇಳ್ತಾರೆ? ಕೇಳಬೇಕಾದ ಕಿವಿಯನ್ನೇ ಡಿಜೆ ತಿಂದುಬಿಟ್ಟಿದೆ. ಮಾವನ ಹಾರ್ನ್ ಕಾಲದಲ್ಲಿ ಸದ್ದು ಊರಿಗಾಗಿ ಇತ್ತು. ಈಗ ಒಂದು ಕಡೆ ಮೆತ್ತೆ ಹೊಡೆದ ರೂಮಿನಲ್ಲಿ ಒಬ್ಬನಿಗೆ ಹನ್ನೊಂದು ಸ್ಪೀಕರ್, ಇನ್ನೊಂದು ಕಡೆ ಬೇಡ ಅಂದವರ ಎದೆ ಮೇಲೂ ಹತ್ತು ಸಬ್‌ವೂಫರ್. ಮಧ್ಯೆ ಇದ್ದ ಟೂರಿಂಗ್ ಟಾಕೀಸು, ನಾಟಕದ ಚಾಪೆ, ಎಲ್ಲರೂ ಒಟ್ಟಿಗೆ ಕೂತು ಕೇಳೋ ಜಾಗ ಸವೀತಾ ಬಂತು.

ಮತ್ತೆ ಆ ರೂಮಿಗೆ ಬರೋಣ. ಮಾವನಿಗೆ ಮಾತು ಕೇಳ್ತಿಲ್ಲ. ಮಗನಿಗೆ ಮುಖ ಸಪ್ಪಗಾಯ್ತು. "ಅಪ್ಪಾ, ಮೈಕ್ ಇಟ್ಟು ರೂಮೆಲ್ಲ ಅಳತೆ ಮಾಡ್ಸಿದ್ದೀನಿ, ಎಲ್ಲ ಕರೆಕ್ಟಾಗಿದೆ" ಅಂದ. ನಿಜ, ಈಗಿನ ಪ್ರೊಸೆಸರ್‌ಗಳು ಕೇಳುಗ ಕೂರೋ ಜಾಗದಲ್ಲಿ ಪುಟ್ಟ ಮೈಕ್ ಇಟ್ಟು, ಗೋಡೆಯ ಪ್ರತಿಧ್ವನಿ ಲೆಕ್ಕ ಹಾಕಿ, ತಾವೇ ತಿದ್ದಿಕೊಳ್ತವೆ. ಎಲೆಕ್ಟ್ರಾನಿಕ್ ನೀರುಗಂಟಿ. ಆದರೆ ಆ ಮೈಕಿಗೆ ಎಪ್ಪತ್ತೈದು ವರ್ಷ ಆಗಿಲ್ವಲ್ಲ! ಅರ್ಧ ಆಯಸ್ಸು ಹಾರ್ನ್ ಪಕ್ಕದಲ್ಲಿ ಕಳೆದ ಕಿವಿ ಅದಕ್ಕಿಲ್ವಲ್ಲ!

ಮಾವ ಕೇಳಿದ್ರು, "ಮಾತು ಯಾವ ಡಬ್ಬದಿಂದ ಬತ್ತದಪ್ಪಾ?"

"ಮಧ್ಯದ್ದು ಅಪ್ಪಾ, ಸೆಂಟರ್."

"ಅದೊಂದನ್ನ ವಸಿ ಏರ್ಸು. ಮಿಕ್ಕಿದ್ನ ಇಳ್ಸು."

ಸೆಂಟರ್ ಚಾನೆಲ್ ನಾಲ್ಕು ಡೆಸಿಬೆಲ್ ಏರಿಸಿದ. ಸೂರಿನ ಸದ್ದು, ಗುಡುಗಿನ ಸದ್ದು ಇಳಿಸಿದ. ಒಂದು ರೂಪಾಯಿ ಖರ್ಚಿಲ್ಲ. ಮಾವ ಪರದೆ ನೋಡ್ತಾ ನೋಡ್ತಾ ನಕ್ಕರು. ಮಾತು ಕೇಳ್ತಿತ್ತು. ನಿಮ್ಮ ಮನೆಯಲ್ಲೂ ವಯಸ್ಸಾದವರು ಟಿವಿ ಮಾತು ಕೇಳ್ತಿಲ್ಲ ಅಂದ್ರೆ, ಒಟ್ಟು ಸದ್ದು ಏರಿಸಬೇಡಿ. ಮಾತನ್ನ ಮಾತ್ರ ಏರಿಸೋ ವ್ಯವಸ್ಥೆ ಸೆಟ್ಟಿಂಗ್‌ನಲ್ಲಿ ಇದೆಯಾ ಹುಡುಕಿ. ಆಮೇಲೆ ಕಿವಿ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ.

ಕೊನೆಗೆ ನನ್ನ ಮಾತು. ನಮ್ಮ ಸ್ಟುಡಿಯೋದಲ್ಲಿ ಒಂದೇ ಪರದೆ ಮೇಲೆ ಎಂಟು ಕಿಟಕಿ, ಎಂಟು ಜನ, ಎಂಟೂ ಜನ ಒಟ್ಟಿಗೆ ಕೂಗ್ತೀವಿ. ಅದು ನಮ್ಮ ಪಿಎಂಪಿಒ. ಒಂದೇ ಸಮ ನಿಲ್ಲೋ ಸತ್ಯ ಎಷ್ಟು ವಾಟ್ ಇದೆ ಅಂತ ಯಾರೂ ಅಳೀತಿಲ್ಲ. ಕೊನೆ ಚಾಪೆಯ ಅಜ್ಜಿಯನ್ನ ಮಾತು ಕೇಳ್ತೈತಾ ಅವ್ವಾ ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ? ಇಲ್ಲ. ಈ ಕಥೆ ಹೇಳೋಕೆ ಕೂತಾಗ ನನಗೇ ನಾಚಿಕೆ ಆಯ್ತು. ಯಂತ್ರ ನೂರು ವರ್ಷದಲ್ಲಿ ಕಲಿತ ಪಾಠವನ್ನ ನಾವು ಇನ್ನೂ ಕಲಿತಿಲ್ಲ.

ನಾಳೆಯಿಂದ ಸ್ವಲ್ಪ ಮೆಲ್ಲಗೆ ಮಾತಾಡೋ ಪ್ರಯತ್ನ ಮಾಡ್ತೀನಿ. ಕೇಳ್ತಾ ಇಲ್ಲ ಅಂದ್ರೆ ಹೇಳಿ.